ಆಸ್ಪತ್ರೆಯಲ್ಲಿ 'ಅಪ್ರೂವಲ್ ಬಂದಿಲ್ರೀ' ಅಂದಾಗ ಏನು ಕೇಳಬೇಕು? ಕ್ಯಾಶ್‌ಲೆಸ್ ಪೂರ್ವಾನುಮತಿ ಬಗ್ಗೆ ಪೂರ್ತಿ ಮಾಹಿತಿ

ಹಾವೇರಿ: ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು, ಹಾನಗಲ್ ಕಡೆಯವರು ದೊಡ್ಡ ಆಪರೇಷನ್ ಅಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುವುದು ರೂಢಿ. ಕೈಯಲ್ಲಿ ಇನ್ಶೂರೆನ್ಸ್ ಕಾರ್ಡ್ ಇರುತ್ತದೆ, ವರ್ಷಾವರ್ಷ ಪ್ರೀಮಿಯಂ ಕಟ್ಟಿಯೂ ಇರುತ್ತಾರೆ. ಆದರೆ ಕೌಂಟರ್‌ನಲ್ಲಿ 'ಅಪ್ರೂವಲ್ ಇನ್ನೂ ಬಂದಿಲ್ರೀ, ಸದ್ಯಕ್ಕ ರೊಕ್ಕ ಕಟ್ರಿ' ಅಂದ ಕೂಡಲೇ ಬಂಗಾರ ಅಡ ಇಡುವುದು, ಅಂಗಡಿಗೆ ಮಾಲು ತರಲು ಇಟ್ಟ ರೊಕ್ಕ ತೆಗೆದು ಕಟ್ಟುವುದು ನಡೆಯುತ್ತಲೇ ಇದೆ. ಅಪ್ರೂವಲ್ ಯಾಕೆ ಬಂದಿಲ್ಲ, ಯಾರ ಹತ್ತಿರ ನಿಂತಿದೆ ಅಂತ ಹೆಚ್ಚಿನವರು ಕೇಳುವುದೇ ಇಲ್ಲ. ಕೇಳಿದರೂ ಬಾಯಿಮಾತಿನ ಉತ್ತರ ಸಿಗುತ್ತದೆ.

ಈ ವಿಷಯದಲ್ಲಿ ನಿಯಮಗಳು ರೋಗಿಯ ಪರವಾಗಿ ಸಾಕಷ್ಟು ಬಿಗಿಯಾಗಿವೆ. ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಕೇಂದ್ರದ ಪ್ರಾಧಿಕಾರ ಐಆರ್‌ಡಿಎಐ 2024ರ ಮೇ 29ರಂದು ಆರೋಗ್ಯ ವಿಮೆಗೆ ಸಂಬಂಧಿಸಿದ ಮಾಸ್ಟರ್ ಸುತ್ತೋಲೆ ಹೊರಡಿಸಿದೆ. ಅದರಲ್ಲಿ ಏನಿದೆ, ಕೌಂಟರ್ ಮುಂದೆ ನಿಂತಾಗ ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದು ಇಲ್ಲಿದೆ. ಮೊದಲೇ ಒಂದು ಮಾತು: ಪೂರ್ವಾನುಮತಿ ಪೂರ್ತಿ ಕಾಗದದ ವ್ಯವಹಾರ. ಪ್ರತಿ ಹಂತದ ಕಾಗದ ನಿಮ್ಮ ಕೈಗೋ ಮೊಬೈಲ್‌ಗೋ ಬಂದರೆ ಮಾತ್ರ ಮುಂದಿನ ದಾರಿ ತೆರೆಯುತ್ತದೆ.

ಪೂರ್ವಾನುಮತಿ ಅಂದರೇನು?

ಆಸ್ಪತ್ರೆಯವರು ಇದನ್ನು 'ಪ್ರಿಆಥ್' ಅನ್ನುತ್ತಾರೆ. 'ಈ ರೋಗಿಗೆ ಈ ಕಾಯಿಲೆ ಇದೆ, ಈ ಚಿಕಿತ್ಸೆ ಕೊಡುತ್ತೇವೆ, ಅಂದಾಜು ಇಷ್ಟು ಖರ್ಚಾಗುತ್ತದೆ, ನೀವು ಕೊಡುತ್ತೀರಾ?' ಎಂದು ಆಸ್ಪತ್ರೆ ವಿಮಾ ಕಂಪನಿಯನ್ನು ಕೇಳುವ ಅರ್ಜಿ ಇದು. ಇದರಲ್ಲಿ ಮೂರು ಕಡೆಯವರು ಇರುತ್ತಾರೆ.

- ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್: ಅರ್ಜಿ, ರಿಪೋರ್ಟ್ ಕಳಿಸುವವರು.
- ಟಿಪಿಎ: ವಿಮಾ ಕಂಪನಿಯ ಪರವಾಗಿ ಕಡತ ನೋಡುವ ಮಧ್ಯವರ್ತಿ ಸಂಸ್ಥೆ. ಕೆಲವು ಕಂಪನಿಗಳು ಟಿಪಿಎ ಇಲ್ಲದೆ ತಾವೇ ನೋಡುತ್ತವೆ.
- ವಿಮಾ ಕಂಪನಿ: ಕೊನೆಯ ಜವಾಬ್ದಾರಿ ಇವರದ್ದು. 'ಟಿಪಿಎಯವರು ಆಗಲ್ಲ ಅಂದರು' ಎಂಬಲ್ಲಿಗೆ ವಿಷಯ ಮುಗಿಯುವುದಿಲ್ಲ. ಕ್ಲೇಮ್ ತಿರಸ್ಕರಿಸುವ ನಿರ್ಧಾರ ಕಂಪನಿಯದ್ದೇ ಆಗಿರಬೇಕು.

ಮೊದಲೇ ದಿನ ಗೊತ್ತಾದ ಆಪರೇಷನ್ ಆದರೆ (ಹರ್ನಿಯಾ, ಮೊಣಕಾಲು, ಪಿತ್ತಕೋಶದ ಕಲ್ಲು ಇತ್ಯಾದಿ) ಅಡ್ಮಿಟ್ ಆಗುವ 2-3 ದಿನ ಮುಂಚೆಯೇ ಅರ್ಜಿ ಕಳಿಸಬಹುದು, ಕಳಿಸುವುದು ಒಳ್ಳೆಯದು. ತುರ್ತು ಸಂದರ್ಭದಲ್ಲಿ ಅಡ್ಮಿಟ್ ಆದ ಮೇಲೆ ತಿಳಿಸಬೇಕು. ಎಷ್ಟು ತಾಸಿನೊಳಗೆ ಅನ್ನುವುದು ನಿಮ್ಮ ಪಾಲಿಸಿಯಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ 24 ತಾಸು ಇರುತ್ತದೆ.

1 ತಾಸು, 3 ತಾಸಿನ ನಿಯಮ

ಸುತ್ತೋಲೆಯ ಮುಖ್ಯ ಅಂಶಗಳು ಇವು:

- ಕ್ಯಾಶ್‌ಲೆಸ್ ಅರ್ಜಿ ಬಂದ 1 ತಾಸಿನೊಳಗೆ ವಿಮಾ ಕಂಪನಿ ತೀರ್ಮಾನ ಹೇಳಬೇಕು.
- ಡಿಸ್ಚಾರ್ಜ್‌ಗೆ ಆಸ್ಪತ್ರೆ ಅಂತಿಮ ಬಿಲ್ ಕಳಿಸಿದ 3 ತಾಸಿನೊಳಗೆ ಅಂತಿಮ ಅನುಮತಿ ಕೊಡಬೇಕು. ಡಿಸ್ಚಾರ್ಜ್‌ಗಾಗಿ ರೋಗಿಯನ್ನು ಕಾಯಿಸುವಂತಿಲ್ಲ.
- 3 ತಾಸು ದಾಟಿ ತಡವಾಗಿ, ಅದರಿಂದ ಆಸ್ಪತ್ರೆ ಹೆಚ್ಚುವರಿ ಚಾರ್ಜ್ ಹಾಕಿದರೆ ಆ ಹಣ ವಿಮಾ ಕಂಪನಿಯೇ ಕೊಡಬೇಕು. ಅದೂ ಪಾಲಿಸಿದಾರರ ಹಣದಿಂದಲ್ಲ, ತನ್ನ ಷೇರುದಾರರ ನಿಧಿಯಿಂದ.
- ಚಿಕಿತ್ಸೆ ವೇಳೆ ರೋಗಿ ತೀರಿಕೊಂಡರೆ ಕ್ಲೇಮ್ ಕೂಡಲೇ ಮುಗಿಸಿ, ಪಾರ್ಥಿವ ಶರೀರ ತಕ್ಷಣ ಬಿಡುಗಡೆಯಾಗುವಂತೆ ನೋಡಿಕೊಳ್ಳಬೇಕು.
- ಪೂರ್ವಾನುಮತಿಯ ಪ್ರಕ್ರಿಯೆ ಪಾಲಿಸಿದಾರರಿಗೆ ಡಿಜಿಟಲ್ ರೂಪದಲ್ಲೂ ಸಿಗಬೇಕು.
- ಕ್ಲೇಮ್‌ಗೆ ಬೇಕಾದ ದಾಖಲೆಗಳನ್ನು ಕಂಪನಿ ಅಥವಾ ಟಿಪಿಎ ಆಸ್ಪತ್ರೆಯಿಂದಲೇ ಪಡೆಯಬೇಕು. ಅದಕ್ಕಾಗಿ ರೋಗಿಯ ಕಡೆಯವರನ್ನು ಓಡಾಡಿಸಬಾರದು.

ಇಲ್ಲಿ ಒಂದು ಸೂಕ್ಷ್ಮ ಗಮನಿಸಿ. ತಾಸಿನ ಲೆಕ್ಕ ಶುರುವಾಗುವುದು ನೀವು ಫಾರ್ಮ್‌ಗೆ ಸಹಿ ಹಾಕಿದಾಗಲ್ಲ, ಆಸ್ಪತ್ರೆಯ ಅರ್ಜಿ ಕಂಪನಿಗೆ ತಲುಪಿದಾಗ. ಬೆಳಿಗ್ಗೆ 10ಕ್ಕೆ ಸಹಿ ಮಾಡಿದ ಫಾರ್ಮ್ ಡೆಸ್ಕ್‌ನಲ್ಲೇ ಮಧ್ಯಾಹ್ನದ ತನಕ ಕೂತಿದ್ದರೆ ಆ ವಿಳಂಬ ಕಂಪನಿಯದ್ದಲ್ಲ. ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: 'ಅರ್ಜಿ ಎಷ್ಟು ಗಂಟೆಗೆ ಹೋತ್ರಿ? ಕ್ಲೇಮ್ ನಂಬರ್ ಎಷ್ಟು?' ಈ ನಂಬರ್ ಸಿಕ್ಕರೆ ಕಂಪನಿಯ ಆ್ಯಪ್‌ನಲ್ಲಿ ಅಥವಾ ಟೋಲ್ ಫ್ರೀ ಸಂಖ್ಯೆಗೆ ಫೋನ್ ಮಾಡಿ ಕಡತ ಎಲ್ಲಿದೆ ಅಂತ ನೀವೇ ತಿಳಿಯಬಹುದು.

ಸಹಿ ಮಾಡುವ ಮುಂಚೆ ಫಾರ್ಮ್ ಓದಿ

ಪೂರ್ವಾನುಮತಿ ಫಾರ್ಮ್‌ನಲ್ಲಿ ಒಂದು ಭಾಗ ರೋಗಿಯದ್ದು, ಇನ್ನೊಂದು ಭಾಗ ವೈದ್ಯರದ್ದು. ಗಡಿಬಿಡಿಯಲ್ಲಿ ಖಾಲಿ ಫಾರ್ಮ್‌ಗೆ ಸಹಿ ಪಡೆದು ಆಮೇಲೆ ತುಂಬುವುದುಂಟು. ಮುಂದೆ ತಕರಾರು ಬರುವುದು ಬಹುತೇಕ ಈ ಕೆಳಗಿನ ಜಾಗಗಳಲ್ಲೇ. ಆದ್ದರಿಂದ ತುಂಬಿದ ಮೇಲೆ ಓದಿಸಿಕೊಂಡು ಸಹಿ ಮಾಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ.

1. ಕಾಯಿಲೆ ಎಷ್ಟು ದಿನದಿಂದ ಇದೆ: 'ಭಾಳ ದಿನದಿಂದ ನೋಯ್ತದ್ರಿ' ಅಂತ ಹೇಳಿದ್ದು ಕೇಸ್ ಶೀಟ್‌ನಲ್ಲಿ '5 ವರ್ಷದಿಂದ' ಎಂದು ದಾಖಲಾದರೆ, ಪಾಲಿಸಿ ಮಾಡಿಸಿ 3 ವರ್ಷ ಆದವರಿಗೆ ತೊಂದರೆ. ನಿಜವನ್ನೇ ಹೇಳಿ, ಆದರೆ ಅಂದಾಜು ಬೇಡ. ಮೊದಲ ಸಲ ತೋರಿಸಿದ ಚೀಟಿ ಇದ್ದರೆ ಅದರ ತಾರೀಖು ಕೊಡಿ.

2. ಹಳೆಯ ಕಾಯಿಲೆಗಳು: ಶುಗರ್, ಬಿಪಿ, ಥೈರಾಯ್ಡ್ ಇದ್ದರೆ ಯಾವಾಗ ಗೊತ್ತಾಯಿತು ಎಂಬುದು ಸರಿಯಾಗಿರಲಿ. ತಪ್ಪಾಗಿ ಬರೆದಿದ್ದರೆ ಚಿಕಿತ್ಸೆ ಕೊಡುವ ವೈದ್ಯರಿಂದಲೇ ಸಹಿ, ಸೀಲ್ ಹಾಕಿದ ಸ್ಪಷ್ಟೀಕರಣ ಪತ್ರ ಕೇಳಿ. ನೀವೇ ತಿದ್ದಬೇಡಿ.

3. ಅಡ್ಮಿಟ್ ಯಾಕೆ ಬೇಕು: ಬರೀ ಪರೀಕ್ಷೆ, ಸ್ಕ್ಯಾನಿಂಗ್‌ಗೆ ಅಡ್ಮಿಟ್ ಆದರೆ ವಿಮೆ ಬರುವುದಿಲ್ಲ. ಜ್ವರದ ಪ್ರಕರಣಗಳಲ್ಲಿ 'ಹೊರರೋಗಿಯಾಗಿಯೇ ಚಿಕಿತ್ಸೆ ಕೊಡಬಹುದಿತ್ತು' ಎಂಬ ಕಾರಣಕ್ಕೆ ಕೈಬಿಡುವುದು ಸಾಮಾನ್ಯ. ಪ್ಲೇಟ್‌ಲೆಟ್ ಎಣಿಕೆ, ವಾಂತಿ, ಬಿಪಿ ಇಳಿದದ್ದು ಮುಂತಾದ ಕಾರಣವನ್ನು ವೈದ್ಯರು ಬರೆದಿರಬೇಕು. ಕಣ್ಣಿನ ಪೊರೆ, ಡಯಾಲಿಸಿಸ್‌ನಂಥ ಡೇ ಕೇರ್ ಚಿಕಿತ್ಸೆ ಬಿಟ್ಟರೆ ಸಾಮಾನ್ಯವಾಗಿ 24 ತಾಸು ಆಸ್ಪತ್ರೆಯಲ್ಲಿ ಇರಬೇಕು.

4. ರೂಮ್ ಬಾಡಿಗೆ: ಇದರ ಲೆಕ್ಕ ಮುಂದೆ ಇದೆ.

5. ಅಪಘಾತವಾದರೆ: ಎಂಎಲ್‌ಸಿ ಆಗಿದೆಯೇ ನೋಡಿ. ಮದ್ಯಪಾನದ ಕಾಲಂ ಖಾಲಿ ಬಿಡಿಸಬೇಡಿ.

'ರಿಜೆಕ್ಟ್ ಆತು' ಅನ್ನುವ ಮಾತಿಗೆ ನಾಲ್ಕು ಅರ್ಥ

ಕೌಂಟರ್‌ನಲ್ಲಿ ಎಲ್ಲಕ್ಕೂ ಒಂದೇ ಮಾತು: ರಿಜೆಕ್ಟ್. ಆದರೆ ಒಳಗೆ ಆಗಿರುವುದು ಬೇರೆ ಬೇರೆ ಇರಬಹುದು.

ಕ್ವೆರಿ: ಕಂಪನಿ ಏನೋ ಮಾಹಿತಿ ಕೇಳಿದೆ ಅಂತ ಅರ್ಥ. ಹಳೆಯ ರಿಪೋರ್ಟ್, ವೈದ್ಯರ ಟಿಪ್ಪಣಿ, ಮೊದಲ ಚೀಟಿ ಬೇಕಾಗಿರಬಹುದು. ಉತ್ತರ ಹೋಗುವ ತನಕ ಕಡತ ಮುಂದೆ ಹೋಗುವುದಿಲ್ಲ. 'ಕ್ವೆರಿ ಏನು ಬಂದಿದೆ, ತೋರಿಸಿ' ಎಂದು ಕೇಳಿ. ಎಷ್ಟೋ ಸಲ ಬೇಕಾದ ಚೀಟಿ ಮನೆಯ ಕಪಾಟಿನಲ್ಲೇ ಇರುತ್ತದೆ; ಊರಿಂದ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿಸಿದರೆ ಕೆಲಸ ಮುಂದೆ ಹೋಗುತ್ತದೆ.

ಭಾಗಶಃ ಅನುಮತಿ: ಅಂದಾಜು ₹1,50,000 ಕೇಳಿದ್ದಕ್ಕೆ ಮೊದಲು ₹60,000 ಮಾತ್ರ ಬಂದರೆ ಉಳಿದದ್ದು ನಿಮ್ಮ ತಲೆ ಮೇಲೆ ಬಿತ್ತು ಅಂತಲ್ಲ. ಮೊದಲ ಅನುಮತಿ ಹೆಚ್ಚಾಗಿ ಕಡಿಮೆಯೇ ಇರುತ್ತದೆ. ಚಿಕಿತ್ಸೆ ನಡೆದಂತೆ ಆಸ್ಪತ್ರೆ ಹೆಚ್ಚುವರಿ ಅರ್ಜಿ ಕಳಿಸುತ್ತದೆ, ಅಂತಿಮ ಬಿಲ್‌ನಲ್ಲಿ ಲೆಕ್ಕ ಕೂಡುತ್ತದೆ.

ಕ್ಯಾಶ್‌ಲೆಸ್ ನಿರಾಕರಣೆ: ಈಗಿರುವ ಮಾಹಿತಿ ಸಾಲದು, ಆದ್ದರಿಂದ ಆಸ್ಪತ್ರೆಗೆ ನೇರವಾಗಿ ಹಣ ಕೊಡಲು ಒಪ್ಪುವುದಿಲ್ಲ ಎಂಬುದಷ್ಟೇ ಇದರ ಅರ್ಥ. ಕ್ಲೇಮ್ ಸತ್ತಿಲ್ಲ. ನೀವು ಬಿಲ್ ಕಟ್ಟಿ, ಆಮೇಲೆ ದಾಖಲೆ ಕೊಟ್ಟು ಹಣ ವಾಪಸ್ ಕೇಳಬಹುದು. ಬಹುಪಾಲು ಪಾಲಿಸಿಗಳಲ್ಲೇ ಇದನ್ನು ಬರೆದಿರುತ್ತಾರೆ. ಇದು ಗೊತ್ತಿಲ್ಲದೆ, ಬಿಲ್ ಕಟ್ಟಿ ಮನೆಗೆ ಬಂದು, ಮತ್ತೆ ಅರ್ಜಿಯನ್ನೇ ಹಾಕದೆ ಕೈಬಿಟ್ಟವರು ಬಹಳ. ಅರ್ಜಿಗೆ ಪಾಲಿಸಿಯಲ್ಲಿ ಹೇಳಿದ ಗಡುವು ಇರುತ್ತದೆ, ಸಾಮಾನ್ಯವಾಗಿ ಡಿಸ್ಚಾರ್ಜ್ ಆದ 30 ದಿನದೊಳಗೆ. ಮೂಲ ಬಿಲ್, ಡಿಸ್ಚಾರ್ಜ್ ಸಮರಿ, ಔಷಧಿ ಚೀಟಿ, ಪರೀಕ್ಷಾ ವರದಿ ಎಲ್ಲ ಎತ್ತಿಡಿ.

ಕ್ಲೇಮ್ ತಿರಸ್ಕಾರ: ಇದು ಕೊನೆಯ ನಿರ್ಧಾರ. ಸುತ್ತೋಲೆ ಪ್ರಕಾರ ಕಂಪನಿಯೊಳಗಿನ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಪೂರ್ತಿ ತಿರಸ್ಕರಿಸಲಿ, ಒಂದಿಷ್ಟು ಕಡಿತ ಮಾಡಲಿ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ವಿವರವಾಗಿ ತಿಳಿಸಬೇಕು. 'ಕಂಪನಿ ನಿಯಮದಂತೆ ಸಾಧ್ಯವಿಲ್ಲ' ಎಂಬ ಒಂದು ಸಾಲಿನ ಉತ್ತರ ಸಾಲದು. ಷರತ್ತಿನ ಸಂಖ್ಯೆ ಸಹಿತ ಪತ್ರ ಬೇಕು ಎಂದು ಇ-ಮೇಲ್‌ನಲ್ಲಿ ಕೇಳಿ. ಮುಂದೆ ದೂರು ಕೊಡಲು ಇದೇ ಪತ್ರ ಆಧಾರ.

'ಮೊದಲೇ ಕಾಯಿಲೆ ಇತ್ತು' ಎಂಬ ಕಾರಣ ಕೊಟ್ಟರೆ?

ಹೆಚ್ಚು ಜಗಳ ಆಗುವುದು ಇದರಲ್ಲೇ. ಎರಡು ಲೆಕ್ಕ ನೆನಪಿಡಿ.

ಪಾಲಿಸಿ ಮಾಡಿಸುವ ಮುಂಚೆ ಇದ್ದ ಕಾಯಿಲೆಗೆ ಕಾಯುವ ಅವಧಿ ಗರಿಷ್ಠ 36 ತಿಂಗಳು. 2024ಕ್ಕೂ ಮುಂಚೆ ಇದು 48 ತಿಂಗಳಿತ್ತು. ಇದು ಕಾಯಿಲೆಯನ್ನು ಅರ್ಜಿಯಲ್ಲಿ ತಿಳಿಸಿದವರಿಗೆ ಅನ್ವಯಿಸುವ ಲೆಕ್ಕ.

ಪಾಲಿಸಿ ನಿಲ್ಲದೆ 60 ತಿಂಗಳು, ಅಂದರೆ 5 ವರ್ಷ ನಡೆದಿದ್ದರೆ, 'ಕಾಯಿಲೆ ಮುಚ್ಚಿಟ್ಟಿದ್ದೀರಿ' ಎಂಬ ಕಾರಣಕ್ಕೆ ಕ್ಲೇಮ್ ಪ್ರಶ್ನಿಸುವಂತಿಲ್ಲ. ವಂಚನೆ ಎಂದು ಸಾಬೀತಾದರೆ ಮಾತ್ರ ಅವಕಾಶ. ಈ ಅವಧಿಯೂ ಮೊದಲು 8 ವರ್ಷ ಇತ್ತು.

'ನಿಲ್ಲದೆ' ಅನ್ನುವ ಮಾತೇ ಇಲ್ಲಿ ಮುಖ್ಯ. ಸುಗ್ಗಿ ಬರಲಿ, ಮಾಲು ಹೋಗಲಿ ಅಂತ ಪ್ರೀಮಿಯಂ ಮುಂದೂಡಿ ಪಾಲಿಸಿ ತಪ್ಪಿಸಿಕೊಂಡರೆ ಲೆಕ್ಕ ಮತ್ತೆ ಮೊದಲಿನಿಂದ. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ, ತಿಂಗಳ ಕಂತಿನವರಿಗೆ 15 ದಿನ ಹೆಚ್ಚುವರಿ ಸಮಯ ಇರುತ್ತದೆ. ಬೇರೆ ಕಂಪನಿಗೆ ಹೋಗುವುದಿದ್ದರೆ ಹೊಸ ಪಾಲಿಸಿ ಮಾಡಿಸುವ ಬದಲು ಪೋರ್ಟ್ ಮಾಡಿಸಿ. ಕಾದ ವರ್ಷಗಳು ಜತೆಗೆ ಬರುತ್ತವೆ.

ರೂಮ್ ಬಾಡಿಗೆ: 12 ಸಾವಿರ ಅಂದುಕೊಂಡದ್ದು 42 ಸಾವಿರ ಆಗುವ ಲೆಕ್ಕ

ಉದಾಹರಣೆಗೆ ₹3 ಲಕ್ಷದ ಪಾಲಿಸಿ, ರೂಮ್ ಬಾಡಿಗೆ ಮಿತಿ ಅದರ ಶೇ 1, ಅಂದರೆ ದಿನಕ್ಕೆ ₹3,000. ರೋಗಿ ದಿನಕ್ಕೆ ₹6,000ದ ರೂಮಿನಲ್ಲಿ 4 ದಿನ ಇದ್ದರು ಅಂತಿಟ್ಟುಕೊಳ್ಳಿ. ದಿನಕ್ಕೆ 3 ಸಾವಿರದಂತೆ 12 ಸಾವಿರ ಕೈಯಿಂದ ಹೋದೀತು ಅಂತ ಅನಿಸುತ್ತದೆ. ಆದರೆ ಬಿಲ್ ಹೀಗಿರುತ್ತದೆ:

- ರೂಮ್ ಬಾಡಿಗೆ ₹24,000: ಅರ್ಧ ಬರುತ್ತದೆ, ₹12,000
- ಸರ್ಜನ್, ಅರಿವಳಿಕೆ ವೈದ್ಯರು, ಆಪರೇಷನ್ ಥಿಯೇಟರ್, ನರ್ಸಿಂಗ್ ₹60,000: ಇದೂ ಅರ್ಧಕ್ಕೆ ಇಳಿಯುತ್ತದೆ, ₹30,000
- ಔಷಧಿ, ಪರೀಕ್ಷೆ ₹36,000: ಪೂರ್ತಿ ಬರುತ್ತದೆ

ಒಟ್ಟು ₹1,20,000 ಬಿಲ್‌ನಲ್ಲಿ ವಿಮೆಯಿಂದ ₹78,000. ಕೈಯಿಂದ ₹42,000.

ರೂಮ್ ಮಿತಿ ಮೀರಿದ ಪ್ರಮಾಣದಲ್ಲೇ ಅದಕ್ಕೆ ಹೊಂದಿದ ಇತರ ಖರ್ಚನ್ನೂ ಇಳಿಸುವ ಷರತ್ತು ಪಾಲಿಸಿಯಲ್ಲಿ ಇದ್ದಾಗ ಹೀಗಾಗುತ್ತದೆ. ಆದರೆ ಔಷಧಿ, ಇಂಪ್ಲಾಂಟ್, ಪರೀಕ್ಷೆ ಖರ್ಚು ಮತ್ತು ಐಸಿಯು ಬಾಡಿಗೆಗೆ ಈ ಪ್ರಮಾಣದ ಕಡಿತ ಹಾಕುವಂತಿಲ್ಲ. ರೂಮ್ ದರಕ್ಕೆ ತಕ್ಕಂತೆ ಚಾರ್ಜ್ ಬದಲಿಸದ ಆಸ್ಪತ್ರೆಗಳಲ್ಲೂ ಹಾಕುವಂತಿಲ್ಲ. ಹಾಕಿದ್ದರೆ ಕೇಳಿ. ಅಡ್ಮಿಟ್ ಆಗುವಾಗಲೇ 'ನಮ್ಮ ಪಾಲಿಸಿಗೆ ಯಾವ ರೂಮ್ ಕೂಡ್ತದ' ಅಂತ ಕೇಳಿ ರೂಮ್ ತಗೊಳ್ಳಿ. ಆ ರೂಮ್ ಖಾಲಿ ಇಲ್ಲದೆ ಆಸ್ಪತ್ರೆಯೇ ದೊಡ್ಡ ರೂಮ್ ಕೊಟ್ಟರೆ, ಹಾಗೆಂದು ಬರೆಸಿಕೊಳ್ಳಿ.

ಇನ್ನು ಕೈಗವಸು, ಮಾಸ್ಕ್, ಡೈಪರ್, ಥರ್ಮಾಮೀಟರ್, ಜತೆಗಿದ್ದವರ ಊಟ, ದಾಖಲೆ ಜೆರಾಕ್ಸ್ ಮುಂತಾದ 68 ಬಾಬತ್ತುಗಳ ಪಟ್ಟಿ ಇದೆ. ಪಾಲಿಸಿಯಲ್ಲಿ ವಿಶೇಷವಾಗಿ ಸೇರಿಸದಿದ್ದರೆ ಇವು ಬರುವುದಿಲ್ಲ. ಕೋ-ಪೇ ಇರುವ ಪಾಲಿಸಿಯಲ್ಲಿ ಪ್ರತಿ ಬಿಲ್‌ನ ಇಂತಿಷ್ಟು ಪಾಲು ನಿಮ್ಮದೇ.

ಊರಿನ ನರ್ಸಿಂಗ್ ಹೋಂನಲ್ಲಿ ಕ್ಯಾಶ್‌ಲೆಸ್ ಸಿಗುತ್ತದೆಯೇ?

ತಾಲ್ಲೂಕಿನ ಅನೇಕ ಆಸ್ಪತ್ರೆಗಳು ಕಂಪನಿಗಳ ನೆಟ್‌ವರ್ಕ್ ಪಟ್ಟಿಯಲ್ಲಿ ಇರುವುದಿಲ್ಲ. 2024ರ ಜನವರಿಯಲ್ಲಿ ಸಾಮಾನ್ಯ ವಿಮಾ ಕಂಪನಿಗಳ ಮಂಡಳಿ 'ಕ್ಯಾಶ್‌ಲೆಸ್ ಎವೆರಿವೇರ್' ವ್ಯವಸ್ಥೆ ತಂದಿತು. ಇದರಲ್ಲಿ ನೆಟ್‌ವರ್ಕ್ ಹೊರಗಿನ ಆಸ್ಪತ್ರೆಯಲ್ಲೂ ಕ್ಯಾಶ್‌ಲೆಸ್ ಕೇಳಬಹುದು. ಮೊದಲೇ ಗೊತ್ತಿರುವ ಚಿಕಿತ್ಸೆಯಾದರೆ ಅಡ್ಮಿಟ್ ಆಗುವ 48 ತಾಸು ಮುಂಚೆ, ತುರ್ತು ಆದರೆ ಅಡ್ಮಿಟ್ ಆದ 48 ತಾಸಿನೊಳಗೆ ಕಂಪನಿಗೆ ತಿಳಿಸಬೇಕು. ಕಂಪನಿ ಮತ್ತು ಆಸ್ಪತ್ರೆ ಎರಡೂ ಒಪ್ಪಿದರೆ ಮಾತ್ರ ಇದು ನಡೆಯುತ್ತದೆ. ಒಪ್ಪದಿದ್ದರೆ ಬಿಲ್ ಕಟ್ಟಿ ಆಮೇಲೆ ಹಣ ಕೇಳುವುದೇ ದಾರಿ.

ಸರ್ಕಾರಿ ಯೋಜನೆಯವರಿಗೆ ನಿಯಮ ಬೇರೆ

ಮೇಲಿನ 1 ತಾಸು, 3 ತಾಸಿನ ನಿಯಮ ವಿಮಾ ಕಂಪನಿಗಳ ಪಾಲಿಸಿಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯನ್ನು ರಾಜ್ಯದಲ್ಲಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ವರ್ಷಕ್ಕೆ ₹1.5 ಲಕ್ಷ ಮಿತಿ.

ಇಲ್ಲಿ ಅಡ್ಡಿ ಬರುವುದು ಹೆಚ್ಚಾಗಿ ರೆಫರಲ್ ಪತ್ರದಿಂದ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅಲ್ಲಿಂದ ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಚಿಕಿತ್ಸೆಗೆ ಪತ್ರ ಬೇಕಿಲ್ಲ. ನೋಂದಾಯಿತ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಇರುತ್ತಾರೆ. ಮೊದಲು ಅವರನ್ನು ಕಾಣಿ. ಅನುಮತಿ ಸಿಕ್ಕ ಪ್ಯಾಕೇಜ್‌ಗೆ ಬಿಪಿಎಲ್ ರೋಗಿಯಿಂದ 'ಔಷಧಿಗೆ ಇಷ್ಟು, ಟೆಸ್ಟ್‌ಗೆ ಇಷ್ಟು' ಅಂತ ಬೇರೆ ಹಣ ಕೇಳಿದರೆ ರಸೀದಿ ಕೇಳಿ, ದೂರು ಕೊಡಿ.

ಸಹಕಾರ ಸಂಘದ ಸದಸ್ಯರಿಗೆ ಇರುವ ಯಶಸ್ವಿನಿಯಲ್ಲೂ ಅನುಮತಿ ಆಸ್ಪತ್ರೆಯ ಮೂಲಕವೇ ಆಗಬೇಕು, ಅದೂ ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ. ಆ ವರ್ಷದ ವಂತಿಗೆ ಕಟ್ಟಿದ ರಸೀದಿ ಜೋಪಾನ.

ಇನ್ನೊಂದು ಗೊಂದಲ: ಬ್ಯಾಂಕ್ ಖಾತೆಯಿಂದ ವರ್ಷಕ್ಕೆ ₹20 ಕಟ್ ಆಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದ ಸಾವು ಮತ್ತು ಅಂಗವೈಕಲ್ಯಕ್ಕೆ. ಆಸ್ಪತ್ರೆ ಬಿಲ್ ಅದರಲ್ಲಿ ಬರುವುದಿಲ್ಲ.

ದೂರು ಕೊಡುವ ದಾರಿ

1. ಮೊದಲು ವಿಮಾ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಮಾಡಿ. ವಿಳಾಸ ಪಾಲಿಸಿಯಲ್ಲೇ ಇರುತ್ತದೆ. ಏಜೆಂಟ್‌ಗೆ ಫೋನ್ ಮಾಡಿದ್ದು ದೂರು ಆಗುವುದಿಲ್ಲ.

2. ಅಲ್ಲಿ ಆಗದಿದ್ದರೆ ಐಆರ್‌ಡಿಎಐನ 'ಬಿಮಾ ಭರೋಸಾ' ಪೋರ್ಟಲ್, ಅಥವಾ ಟೋಲ್ ಫ್ರೀ 155255, 1800 4254 732.

3. ಕಂಪನಿಗೆ ಬರೆದು 1 ತಿಂಗಳಾದರೂ ಉತ್ತರ ಇಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, 1 ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಆನ್‌ಲೈನ್‌ನಲ್ಲೂ ದೂರು ಕೊಡಬಹುದು, ವಿಡಿಯೊ ಮೂಲಕ ವಿಚಾರಣೆಗೂ ಅವಕಾಶ ಇದೆ. ₹50 ಲಕ್ಷದವರೆಗಿನ ಪ್ರಕರಣ ಇಲ್ಲಿ ನಡೆಯುತ್ತದೆ. ಆದೇಶವನ್ನು ಕಂಪನಿ 30 ದಿನದೊಳಗೆ ಪಾಲಿಸದಿದ್ದರೆ ದಿನಕ್ಕೆ ₹5,000ದಂತೆ ದೂರುದಾರರಿಗೆ ಕೊಡಬೇಕು.

4. ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೂ ಹೋಗಬಹುದು. 2 ವರ್ಷದ ಗಡುವು ಇದೆ.

5. ತಕರಾರು ಆಸ್ಪತ್ರೆಯ ಮೇಲಿದ್ದರೆ (ದರಪಟ್ಟಿ ಹಾಕಿಲ್ಲ, ಬಿಲ್ ವಿವರ ಕೊಡುವುದಿಲ್ಲ, ಬಾಕಿಗಾಗಿ ಶವ ಬಿಡುವುದಿಲ್ಲ) ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದರೆ ಕೆಪಿಎಂಇ ಅಡಿ ಜಿಲ್ಲಾ ಪ್ರಾಧಿಕಾರಕ್ಕೆ ದೂರು. ಜಿಲ್ಲಾಧಿಕಾರಿ ಇದರ ಅಧ್ಯಕ್ಷರು. ಅರ್ಜಿಯನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಕೊಡಿ.

6. ಆಯುಷ್ಮಾನ್ ಕುರಿತ ದೂರಿಗೆ 14555, ಆರೋಗ್ಯ ಸಹಾಯವಾಣಿ 104.

ಇವತ್ತೇ ಮಾಡಬಹುದಾದ ಕೆಲಸ

ಆರೋಗ್ಯವಾಗಿರುವಾಗಲೇ ಪಾಲಿಸಿ ತೆಗೆದು ನೋಡಿ. 2024ರ ಜನವರಿ 1ರಿಂದ ಪ್ರತಿ ಪಾಲಿಸಿಯ ಜತೆ ಹೊಸ ಮಾದರಿಯ ಗ್ರಾಹಕ ಮಾಹಿತಿ ಪತ್ರ ಕೊಡಬೇಕು. ಕಾಯುವ ಅವಧಿ, ರೂಮ್ ಮಿತಿ, ಕೋ-ಪೇ, ದೂರಿನ ವಿಳಾಸ ಎಲ್ಲ ಅದರಲ್ಲಿ ಇರುತ್ತವೆ. ನೀವು ಕೇಳಿದರೆ ಅದನ್ನು ಸ್ಥಳೀಯ ಭಾಷೆಯಲ್ಲೇ ಕೊಡಬೇಕು. ಏಜೆಂಟರಿಗೆ ಹೇಳಿ ಕನ್ನಡದ ಪ್ರತಿ ತರಿಸಿಕೊಳ್ಳಿ. ಹೊಸ ಪಾಲಿಸಿಯಾದರೆ, ಓದಿ ನೋಡಿ ಒಪ್ಪಿಗೆಯಾಗದಿದ್ದಲ್ಲಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು.

ಪಾಲಿಸಿ ನಂಬರ್, ಕಂಪನಿಯ ಟೋಲ್ ಫ್ರೀ ಸಂಖ್ಯೆ, ಹಳೆಯ ಚೀಟಿಗಳ ಫೋಟೊ ಮನೆಯಲ್ಲಿ ಕನಿಷ್ಠ ಇಬ್ಬರ ಮೊಬೈಲ್‌ನಲ್ಲಿ ಇರಲಿ. ಪಾಲಿಸಿ ಮಾಡಿಸಿದವರೇ ಐಸಿಯುನಲ್ಲಿ ಇದ್ದಾಗ ಕೌಂಟರ್ ಮುಂದೆ ನಿಲ್ಲಬೇಕಾದವರು ಮನೆಯವರು. ಆಗ ಅವರು ಕೇಳಬೇಕಾದದ್ದು ಇಷ್ಟೇ: ಅರ್ಜಿ ಎಷ್ಟು ಗಂಟೆಗೆ ಹೋಯಿತು, ಕ್ಲೇಮ್ ನಂಬರ್ ಏನು, ಕ್ವೆರಿ ಏನು ಬಂದಿದೆ, ಇಲ್ಲ ಅಂದಿದ್ದರೆ ಯಾವ ಷರತ್ತಿನ ಪ್ರಕಾರ, ಅದರ ಪ್ರತಿ ಕೊಡಿ.